11 ದಿನದ ಅಮಾನತು, ಆಡದೇ ಉಳಿದ ಎರಡು ಪಂದ್ಯ: ಒಂದು ಪ್ರಕರಣ ಅಧ್ಯಯನ

2022ರ ಆಗಸ್ಟ್‌ನಲ್ಲಿ ಕೇರಳದ ಒಂದು ಮಹಿಳಾ ಫುಟ್‌ಬಾಲ್ ಕ್ಲಬ್ ಏಷ್ಯಾ ಮಟ್ಟದ ಟೂರ್ನಿ ಆಡಲು ಉಜ್ಬೇಕಿಸ್ತಾನಕ್ಕೆ ಹೋಯಿತು. ಒಂದು ನಿಮಿಷವೂ ಮೈದಾನಕ್ಕೆ ಇಳಿಯದೆ ವಾಪಸ್ ಬಂತು. ಗಾಯ, ವೀಸಾ, ದುಡ್ಡು ಇದ್ಯಾವುದೂ ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ದೆಹಲಿಯಲ್ಲಿ ನಡೆಯುತ್ತಿದ್ದ ಒಂದು ಚುನಾವಣೆಯ ಜಗಳ. ಆ ಜಗಳದಲ್ಲಿ ಈ ಕ್ಲಬ್ಬಿಗೆ ಮತವೂ ಇರಲಿಲ್ಲ, ಮಾತೂ ಇರಲಿಲ್ಲ.

ಆಗ ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಗಿ ಮರೆತುಹೋದ ಈ ಘಟನೆಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹುಡುಗಿಯರ ತಂಡ ನಡೆಸುವವರು, ಕೋಚ್‌ಗಳು, ಜಿಲ್ಲಾ ಸಂಸ್ಥೆಗಳಲ್ಲಿ ಕೂತವರು ಇದನ್ನು ಓದಬೇಕು ಅನ್ನೋದು ನನ್ನ ಆಸೆ. ಆಟಗಾರ್ತಿಯರ, ಅಧಿಕಾರಿಗಳ ಹೆಸರು ಬಿಟ್ಟಿದ್ದೇನೆ. ಕ್ಲಬ್ಬನ್ನು 'ತಂಡ' ಅಂತಲೇ ಕರೆಯುತ್ತೇನೆ. ಯಾರು ಯಾವಾಗ ಏನು ನಿರ್ಧಾರ ಮಾಡಿದರು, ಅದರಿಂದ ಯಾರಿಗೆ ಏನಾಯಿತು ಅನ್ನುವುದು ಇಲ್ಲಿ ಮುಖ್ಯ.

ತಂಡ ಅಲ್ಲಿಗೆ ಹೋದ ದಾರಿ

ಏಷ್ಯಾದಲ್ಲಿ ಗಂಡಸರ ಕ್ಲಬ್‌ಗಳಿಗೆ ದಶಕಗಳಿಂದ ಟೂರ್ನಿಗಳಿವೆ. ಹೆಂಗಸರ ಕ್ಲಬ್‌ಗಳಿಗೆ ಏಷ್ಯನ್ ಫುಟ್‌ಬಾಲ್ ಒಕ್ಕೂಟ, ಅಂದರೆ ಎಎಫ್‌ಸಿ, ತೀರಾ ಈಚೆಗೆ ಒಂದನ್ನು ಪ್ರಯೋಗವಾಗಿ ಶುರುಮಾಡಿತ್ತು. 2021ರ ನವೆಂಬರ್‌ನಲ್ಲಿ ಜೋರ್ಡಾನ್‌ನ ಅಕಾಬಾದಲ್ಲಿ ನಡೆದ ನಾಲ್ಕು ತಂಡಗಳ ಟೂರ್ನಿಯಲ್ಲಿ ನಮ್ಮ ಈ ತಂಡವೂ ಇತ್ತು. ಅಮ್ಮಾನ್ ಕ್ಲಬ್ ವಿರುದ್ಧ 1-2 ಸೋಲು, ಇರಾನಿನ ಶಹರ್ದಾರಿ ಸಿರ್ಜಾನ್ ವಿರುದ್ಧ 0-1 ಸೋಲು, ಕೊನೆಗೆ ಉಜ್ಬೇಕಿಸ್ತಾನದ ಬುನ್ಯೋದ್ಕೋರ್ ವಿರುದ್ಧ 3-1 ಗೆಲುವು. ಮೊದಲ ಸಲ ಹೋದವರಿಗೆ ಇದು ಚಿಕ್ಕ ಸಾಧನೆ ಅಲ್ಲ. ಎರಡೂ ಸೋಲು ಒಂದೊಂದೇ ಗೋಲಿನ ಅಂತರದ್ದು. ಮುಂದಿನ ಸಲ ಇನ್ನೂ ಚೆನ್ನಾಗಿ ಆಡಬಹುದು ಎಂಬ ಧೈರ್ಯ ಬರುವುದು ಇಂಥ ಸೋಲುಗಳಿಂದಲೇ ಅಲ್ವಾ?

ಆದರೆ ಆ ಮುಂದಿನ ಸಲಕ್ಕೆ ಇರುವುದು ಒಂದೇ ಬಾಗಿಲು. ಇಂಡಿಯನ್ ವಿಮೆನ್ಸ್ ಲೀಗ್ ಗೆಲ್ಲಬೇಕು. ಎರಡನೇ ಸ್ಥಾನಕ್ಕೆ ಏನೂ ಇಲ್ಲ. 2022ರ ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ, ಭುವನೇಶ್ವರದ ಬಿಸಿಲುಗಾಲದಲ್ಲಿ, ಹನ್ನೆರಡು ತಂಡಗಳ ಲೀಗ್ ನಡೆಯಿತು. ನಮ್ಮ ತಂಡ ಆಡಿದ 11 ಪಂದ್ಯಗಳನ್ನೂ ಗೆದ್ದಿತು. ಮೇ 26ರಂದು ಕೊನೆಯ ಪಂದ್ಯದಲ್ಲಿ ತಮಿಳುನಾಡಿನ ಸೇತು ಎಫ್‌ಸಿಯನ್ನು 3-1ರಿಂದ ಸೋಲಿಸಿ ಕಪ್ ಎತ್ತಿತು, ಜೊತೆಗೆ ಏಷ್ಯಾ ಟಿಕೆಟ್ ಕೂಡ ಪಡೆಯಿತು.

ಇಲ್ಲಿ ಒಂದು ದಿನಾಂಕ ಗಮನಿಸಬೇಕು. ಲೀಗ್ ಇನ್ನೂ ನಡೆಯುತ್ತಿದ್ದಾಗಲೇ, ಮೇ 18ರಂದು, ಸುಪ್ರೀಂ ಕೋರ್ಟ್ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಆಡಳಿತವನ್ನು ಮೂವರ ಸಮಿತಿಯ ಕೈಗೆ ಕೊಟ್ಟಿತ್ತು. ಇವರು ಪಂದ್ಯಗಳ ನಡುವೆ ಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದ ಹೊತ್ತಿಗೆ, ಮೂರು ತಿಂಗಳ ನಂತರ ಇವರ ಪಂದ್ಯ ನುಂಗಲಿದ್ದ ಜಗಳ ದೆಹಲಿಯಲ್ಲಿ ಹೊಸ ತಿರುವು ತೆಗೆದುಕೊಂಡಿತ್ತು.

ಜಗಳ ಏನು

ಫೆಡರೇಷನ್ ಅಧ್ಯಕ್ಷರ ಮೂರು ಅವಧಿ 2020ರ ಡಿಸೆಂಬರ್‌ಗೆ ಮುಗಿದಿತ್ತು. ಫೆಡರೇಷನ್‌ನ ಹೊಸ ಸಂವಿಧಾನದ, ಅಂದರೆ ಅದರ ಆಡಳಿತ ನಿಯಮಾವಳಿಯ, ವಿಚಾರ ಕೋರ್ಟಿನಲ್ಲಿದೆ ಎಂಬ ಕಾರಣ ಕೊಟ್ಟು ಚುನಾವಣೆ ನಡೆಸಿರಲಿಲ್ಲ. ಅವಧಿ ಮುಗಿದ ಮೇಲೂ ಕುರ್ಚಿಯಲ್ಲೇ ಇದ್ದರು. ಕೋರ್ಟ್ ಮಧ್ಯೆ ಬಂದದ್ದು ಆ ಕಾರಣಕ್ಕೆ, ಬಂದದ್ದು ಸರಿಯೇ ಎಂದು ನನ್ನ ಅಭಿಪ್ರಾಯ.

ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾದ ನಿಯಮ ಬೇರೆ ಹೇಳುತ್ತದೆ. ಸದಸ್ಯ ಸಂಸ್ಥೆಗಳು ತಮ್ಮ ವ್ಯವಹಾರವನ್ನು ತಾವೇ ನಡೆಸಬೇಕು, ಸರ್ಕಾರವಾಗಲಿ ಕೋರ್ಟಾಗಲಿ ಕೈ ಹಾಕಬಾರದು. ಜೂನ್‌ನಲ್ಲಿ ಫಿಫಾ ಮತ್ತು ಎಎಫ್‌ಸಿ ಜಂಟಿ ತಂಡ ಭಾರತಕ್ಕೆ ಬಂದು ಮಾತಾಡಿ, ಜುಲೈ ಕೊನೆಯೊಳಗೆ ಸಂವಿಧಾನ, ಸೆಪ್ಟೆಂಬರ್ 15ರೊಳಗೆ ಚುನಾವಣೆ ಎಂದು ಗಡುವು ಹಾಕಿಹೋಯಿತು. ಅಲ್ಲಿಯವರೆಗೆ ಎಲ್ಲ ಸರಿಹೋಗುವ ಲಕ್ಷಣವಿತ್ತು.

ಕೆಟ್ಟದ್ದು ಮತದಾರರ ಪಟ್ಟಿಯ ಮೇಲೆ. ಮೂವರ ಸಮಿತಿಯ ಯೋಜನೆಯಲ್ಲಿ 36 ರಾಜ್ಯ ಸಂಸ್ಥೆಗಳ ಜೊತೆಗೆ 36 ಮಾಜಿ ಅಂತಾರಾಷ್ಟ್ರೀಯ ಆಟಗಾರರಿಗೂ ಮತ ಇತ್ತು. ಅವರಲ್ಲಿ 24 ಗಂಡಸರು, 12 ಹೆಂಗಸರು. ಆಗಸ್ಟ್ 3ರಂದು ಕೋರ್ಟ್ ಅದಕ್ಕೆ ಒಪ್ಪಿ ಬೇಗ ಚುನಾವಣೆ ನಡೆಸಿ ಎಂದಿತು, 28ಕ್ಕೆ ದಿನ ನಿಗದಿಯಾಯಿತು. ಫಿಫಾಕ್ಕೆ ಇದು ಸರಿ ಬರಲಿಲ್ಲ. ಆಟಗಾರರ ಪಾಲು ಅಷ್ಟೊಂದು ಬೇಡ ಎಂಬುದು ಅದರ ನಿಲುವು. ಆಗಸ್ಟ್ 5ಕ್ಕೆ ಅಮಾನತಿನ ಎಚ್ಚರಿಕೆ ಕೊಟ್ಟಿತು. 10ರಂದು ಮೂವರ ಸಮಿತಿ ಮಾಜಿ ಅಧ್ಯಕ್ಷರ ಮೇಲೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಿತು. ಅಲ್ಲಿಗೆ ಸಂಧಾನದ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು.

ಆ 12 ಮತಗಳ ವಿಷಯದಲ್ಲಿ ನನಗೆ ಹೊಟ್ಟೆ ಉರಿಯುತ್ತದೆ. ದೇಶಕ್ಕೆ ಆಡಿದ ಹನ್ನೆರಡು ಹೆಂಗಸರು ಫೆಡರೇಷನ್‌ನ ಚುನಾವಣೆಯಲ್ಲಿ ಮತ ಹಾಕುವುದು ಅಂದರೆ ಅಲ್ಲಿಯವರೆಗೆ ಯೋಚಿಸಲೂ ಆಗದ ಸಂಗತಿ. ಮುಂದೆ ಏನಾಯಿತು ನೋಡಿ.

ಬೆಳಗಿನ ಜಾವದ ಸುದ್ದಿ

ಏಷ್ಯಾ ಟೂರ್ನಿಯ ಪಶ್ಚಿಮ ವಲಯದ ಪಂದ್ಯಗಳು ಉಜ್ಬೇಕಿಸ್ತಾನದ ಕರ್ಶಿಯಲ್ಲಿ ಇದ್ದವು. ತಾಷ್ಕೆಂಟ್‌ನಿಂದ ನೈಋತ್ಯಕ್ಕೆ ನೂರಾರು ಕಿಲೋಮೀಟರ್ ದೂರದ ಊರು. ಮೂರೇ ತಂಡ. ಆಗಸ್ಟ್ 23ಕ್ಕೆ ಉಜ್ಬೇಕಿಸ್ತಾನದ್ದೇ ಸೊಗ್ಡಿಯಾನಾ ಜೊತೆ, 26ಕ್ಕೆ ಇರಾನಿನ ಬಾಮ್ ಖಾತೂನ್ ಜೊತೆ ನಮ್ಮವರ ಪಂದ್ಯ. ಒಂದು ವಾರ ಮುಂಚೆಯೇ ಹೋಗಿ ಹವೆಗೆ, ಮೈದಾನಕ್ಕೆ ಹೊಂದಿಕೊಳ್ಳಬೇಕು ಎಂದು ತಂಡ ಮೊದಲೇ ಹೊರಟಿತು. ಒಳ್ಳೆಯ ನಿರ್ಧಾರ. ಯಾವ ಕೋಚ್ ಆದರೂ ಅದನ್ನೇ ಮಾಡುತ್ತಿದ್ದರು.

ಆಗಸ್ಟ್ 15ರಂದು ಫಿಫಾ ಕೌನ್ಸಿಲ್‌ನ ಬ್ಯೂರೋ ಭಾರತದ ಫೆಡರೇಷನ್ನನ್ನು ಅಮಾನತು ಮಾಡಿತು. ಮೂರನೆಯವರ ಅನುಚಿತ ಪ್ರಭಾವ, ಇದು ಫಿಫಾ ನಿಯಮಗಳ ಗಂಭೀರ ಉಲ್ಲಂಘನೆ ಅನ್ನುವುದು ಕಾರಣ. ಫೆಡರೇಷನ್‌ನ 85 ವರ್ಷದ ಇತಿಹಾಸದಲ್ಲಿ ಇಂಥದ್ದು ಮೊದಲ ಸಲ. ಭಾರತದಲ್ಲಿ ಆಗ ನಡುರಾತ್ರಿ ದಾಟಿತ್ತು. ತಂಡ 16ರ ಬೆಳಗಿನ ಜಾವ ತಾಷ್ಕೆಂಟ್‌ನಲ್ಲಿ ಇಳಿಯಿತು. ಅವರಿಗೆ ವಿಷಯ ತಿಳಿದದ್ದು ಮಾಧ್ಯಮಗಳಿಂದ.

ಯೋಚನೆ ಮಾಡಿ. 23 ಆಟಗಾರ್ತಿಯರು ರಾತ್ರಿಯಿಡೀ ಪ್ರಯಾಣ ಮಾಡಿ, ಕಿಟ್ ಬ್ಯಾಗ್ ಹೊತ್ತು ವಿಮಾನದಿಂದ ಇಳಿದಿದ್ದಾರೆ. ಫೋನಿಗೆ ಸಿಗ್ನಲ್ ಬಂದದ್ದೇ ತಡ, ನಿಮ್ಮ ದೇಶಕ್ಕೆ ಅಮಾನತಾಗಿದೆ, ನೀವು ಆಡುವಂತಿಲ್ಲ ಅನ್ನುವ ಸುದ್ದಿ. ಯಾಕೆ ಅಂತ ಕೇಳಿದರೆ ಉತ್ತರ ಕೊಡುವವರು ಯಾರು? ಕೋಚ್‌ಗೂ ಗೊತ್ತಿಲ್ಲ, ಮ್ಯಾನೇಜರ್‌ಗೂ ಗೊತ್ತಿಲ್ಲ.

ನಿಯಮ ಮಾತ್ರ ತುಂಬಾ ಸರಳ. ಕ್ಲಬ್ ಏಷ್ಯಾ ಟೂರ್ನಿಗೆ ನೇರವಾಗಿ ಹೋಗುವುದಿಲ್ಲ, ತನ್ನ ದೇಶದ ಫೆಡರೇಷನ್ ಮೂಲಕ ಹೋಗುತ್ತದೆ. ಫೆಡರೇಷನ್ ಅಮಾನತಾದರೆ ಅದರ ಕೆಳಗಿನ ಎಲ್ಲ ತಂಡಗಳೂ ಅಂತಾರಾಷ್ಟ್ರೀಯ ಪಂದ್ಯ ಆಡುವ ಹಕ್ಕು ಕಳೆದುಕೊಳ್ಳುತ್ತವೆ. ಬೇರೆ ದೇಶದ ತಂಡಗಳೂ ಇವರ ಜೊತೆ ಆಡುವಂತಿಲ್ಲ. ಏಷ್ಯಾದಲ್ಲೇ ಇದಕ್ಕೆ ಹಿಂದಿನ ಉದಾಹರಣೆ ಇತ್ತು. 2015ರ ಅಕ್ಟೋಬರ್‌ನಲ್ಲಿ ಕುವೈತ್ ಅಮಾನತಾದಾಗ ಅಲ್ಲಿನ ಎರಡು ಕ್ಲಬ್‌ಗಳು ಗಂಡಸರ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಮಧ್ಯದಲ್ಲೇ ಹೊರಬಿದ್ದವು. ಎರಡು ಪಂದ್ಯಗಳ ಸೆಮಿಫೈನಲ್‌ನಲ್ಲಿ ಮೊದಲನೆಯದು ಆಡಿಯಾಗಿತ್ತು, ಎರಡನೆಯದು ಆಡಲು ಬಿಡಲಿಲ್ಲ, ಎದುರಾಳಿಗಳು ಹಾಗೇ ಫೈನಲ್‌ಗೆ ಹೋದರು. ಅಂದರೆ ಅಮಾನತಾದರೆ ಕ್ಲಬ್‌ಗಳ ಗತಿ ಏನು ಅನ್ನುವುದು ದೆಹಲಿಯಲ್ಲಿ ಕೂತವರಿಗೆ ಗೊತ್ತಿರಬೇಕಾದ ವಿಷಯವೇ.

ಏನೇನು ಪ್ರಯತ್ನ ಆಯಿತು

ಮೊದಲನೆಯದು ಕ್ಲಬ್ಬಿನದ್ದು. ಅವರು ಪ್ರಧಾನಿಗೆ ಬಹಿರಂಗವಾಗಿ ಪತ್ರ ಬರೆದರು. ನಮ್ಮದಲ್ಲದ ತಪ್ಪಿಗೆ ನಾವು ತಾಷ್ಕೆಂಟ್‌ನಲ್ಲಿ ಸಿಕ್ಕಿಕೊಂಡಿದ್ದೇವೆ, ಮಧ್ಯೆ ಬಂದು ಅಮಾನತು ತೆಗೆಸಿ ಅನ್ನುವುದು ಅದರ ಸಾರ. ಕೆಲವರು ಆಗ ಇದನ್ನು ಭಾವುಕತೆ ಅಂದರು. ನಾನು ಒಪ್ಪುವುದಿಲ್ಲ. ಕ್ಲಬ್ಬಿಗೆ ಫಿಫಾದಲ್ಲಿ ಹೇಳಿಕೊಳ್ಳಲು ಜಾಗವಿಲ್ಲ, ಫೆಡರೇಷನ್‌ನಲ್ಲಿ ಕೇಳುವವರೇ ಇಲ್ಲ. ಉಳಿದದ್ದು ಇದೊಂದೇ ದಾರಿ. ಈ ಪತ್ರದಿಂದಲೇ ದೇಶಕ್ಕೆ ಈ ತಂಡದ ಸಂಗತಿ ತಿಳಿಯಿತು. ಇಲ್ಲದಿದ್ದರೆ ಎಲ್ಲರ ಗಮನ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಮೇಲೆ ಮಾತ್ರ ಇರುತ್ತಿತ್ತು. ಅಕ್ಟೋಬರ್‌ನಲ್ಲಿ ಭಾರತದಲ್ಲೇ ಇದ್ದ ಆ ಟೂರ್ನಿಯನ್ನು ಸದ್ಯಕ್ಕೆ ಅಂದುಕೊಂಡಂತೆ ಇಲ್ಲಿ ನಡೆಸಲು ಆಗುವುದಿಲ್ಲ ಎಂದು ಫಿಫಾ ಹೇಳಿತ್ತು.

ಎರಡನೆಯದು ಕ್ರೀಡಾ ಸಚಿವಾಲಯದ್ದು. ಫಿಫಾ ಮತ್ತು ಎಎಫ್‌ಸಿ ಎರಡಕ್ಕೂ ಪತ್ರ ಹೋಯಿತು. ಅಮಾನತು ಘೋಷಣೆ ಆಗುವ ಹೊತ್ತಿಗೆ ತಂಡ ಉಜ್ಬೇಕಿಸ್ತಾನ ತಲುಪಿತ್ತು, ಯುವ ಆಟಗಾರ್ತಿಯರ ಹಿತ ನೋಡಿ ಆಡಲು ಬಿಡಿ ಎಂದು ಕೇಳಿದರು. ಸೆಪ್ಟೆಂಬರ್ 7ಕ್ಕೆ ಎಎಫ್‌ಸಿ ಕಪ್ ಆಡಬೇಕಿದ್ದ ಎಟಿಕೆ ಮೋಹನ್ ಬಾಗಾನ್ ಪರವಾಗಿಯೂ ಅದರಲ್ಲೇ ಕೋರಿಕೆ ಇತ್ತು. ಉಜ್ಬೇಕಿಸ್ತಾನದ ನಮ್ಮ ರಾಯಭಾರ ಕಚೇರಿಗೂ ತಂಡವನ್ನು ನೋಡಿಕೊಳ್ಳಲು ಹೇಳಿದರು. ಪತ್ರದ ವಾದ ಗಟ್ಟಿಯಾಗಿಯೇ ಇತ್ತು. ಆದರೆ ಅಮಾನತಿನ ನಿಯಮದಲ್ಲಿ ವಿನಾಯಿತಿ ಅನ್ನುವ ಕಿಟಕಿ ಇಲ್ಲ. ಸರ್ಕಾರ ಕೈ ಹಾಕಿದೆ ಎಂದು ಸಿಟ್ಟಾಗಿದ್ದ ಸಂಸ್ಥೆಗೆ ಸರ್ಕಾರವೇ ಪತ್ರ ಬರೆದರೆ ಎಷ್ಟು ನಡೆಯುತ್ತದೆ?

ಮೂರನೆಯದು ಕೋರ್ಟ್. ಆಗಸ್ಟ್ 17ಕ್ಕೆ ವಿಚಾರಣೆ ಬಂತು. ಫಿಫಾ ಜೊತೆ ಮಾತುಕತೆ ನಡೆಯುತ್ತಿದೆ, ಸ್ವಲ್ಪ ಕಾಲ ಕೊಡಿ ಎಂದು ಕೇಂದ್ರ ಕೇಳಿತು. ಕೋರ್ಟ್ 22ಕ್ಕೆ ಮುಂದೂಡಿತು. ಇಡೀ ಪ್ರಕರಣದ ತಿರುವು ನನ್ನ ಪ್ರಕಾರ ಇದೇ. ದೆಹಲಿಯ ಲೆಕ್ಕದಲ್ಲಿ ಐದು ದಿನ ಅಂದರೆ ಏನೂ ಅಲ್ಲ, ಕೋರ್ಟಿನಲ್ಲಿ ಇಷ್ಟು ಬೇಗ ಮುಂದಿನ ದಿನಾಂಕ ಸಿಗುವುದೇ ಅಪರೂಪ. ಆದರೆ ತಾಷ್ಕೆಂಟ್‌ನಲ್ಲಿ ಕೂತ ತಂಡಕ್ಕೆ ಇದ್ದದ್ದೇ ಐದಾರು ದಿನ. ಎಲ್ಲರ ಕಣ್ಣು ಅಕ್ಟೋಬರ್ ವಿಶ್ವಕಪ್ ಮೇಲೆ ಇದ್ದುದರಿಂದ 22 ಅನ್ನುವುದು ಸಾಕಷ್ಟು ಬೇಗ ಅನ್ನಿಸಿತು.

22ರಂದು ಕೋರ್ಟ್ ಮೂವರ ಸಮಿತಿಯನ್ನು ಕೈಬಿಟ್ಟಿತು. ಚುನಾವಣೆ ಒಂದು ವಾರ ಮುಂದೆ ಹೋಯಿತು. ಮತದಾರರ ಪಟ್ಟಿಯಲ್ಲಿ ರಾಜ್ಯ ಸಂಸ್ಥೆಗಳು ಮಾತ್ರ ಉಳಿದವು. ಆಟಗಾರರ 36 ಮತ ಹೋಯಿತು, ಅದರ ಜೊತೆ ಆ 12 ಮತವೂ ಹೋಯಿತು. ಬದಲಿಗೆ ಕಾರ್ಯಕಾರಿ ಸಮಿತಿಗೆ ಆರು ಮಾಜಿ ಆಟಗಾರರು, ಅವರಲ್ಲಿ ಇಬ್ಬರು ಹೆಂಗಸರು, ಬರಲಿ ಎಂದಾಯಿತು.

23ರಂದು ಫೆಡರೇಷನ್ ಫಿಫಾಕ್ಕೆ ಬರೆದು ಅಮಾನತು ತೆಗೆಯಿರಿ ಎಂದು ಕೇಳಿತು. ಅದೇ 23ಕ್ಕೆ ಕರ್ಶಿಯಲ್ಲಿ ನಮ್ಮ ತಂಡದ ಮೊದಲ ಪಂದ್ಯ ಇರಬೇಕಿತ್ತು. ಫಿಫಾ 25ಕ್ಕೆ ನಿರ್ಧಾರ ಮಾಡಿ 26ರ ರಾತ್ರಿ ನಮಗೆ ತಿಳಿಸಿತು. ಅದೇ 26ಕ್ಕೆ ಎರಡನೇ ಪಂದ್ಯ ಇರಬೇಕಿತ್ತು.

ಯಾರಿಗೆ ಎಷ್ಟು ನಷ್ಟ

ಅಮಾನತು ಹೋದ ಮೇಲೆ ಎಲ್ಲವೂ ತಮ್ಮ ಜಾಗಕ್ಕೆ ಬಂದವು. ಸೆಪ್ಟೆಂಬರ್ 2ಕ್ಕೆ ಚುನಾವಣೆ ಆಯಿತು. 7ಕ್ಕೆ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ತನ್ನ ಪಂದ್ಯ ಆಡಿತು. ಕ್ವಾಲಾಲಂಪುರದ ತಂಡದ ವಿರುದ್ಧ 1-3 ಸೋತಿತು, ಆದರೂ ಆಡಿತು. ಡ್ಯುರಾಂಡ್ ಕಪ್ ದೇಶದೊಳಗಿನದ್ದಾದ ಕಾರಣ ಅದಕ್ಕೆ ಏನೂ ಆಗಿರಲಿಲ್ಲ. ನಮ್ಮ ಬೆಂಗಳೂರು ಎಫ್‌ಸಿ ಸೆಪ್ಟೆಂಬರ್ 18ರಂದು ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಅದನ್ನು ಗೆದ್ದಾಗ ನಾವೆಲ್ಲ ಕುಣಿದೆವು. ಅಕ್ಟೋಬರ್ 11ರಿಂದ 30ರವರೆಗೆ ವಿಶ್ವಕಪ್ಪೂ ಭುವನೇಶ್ವರ, ಮಡಗಾಂವ್, ನವಿ ಮುಂಬೈಗಳಲ್ಲಿ ಅಂದುಕೊಂಡಂತೆ ನಡೆಯಿತು.

ವಾಪಸ್ ಸಿಗದೇ ಹೋದದ್ದು ಕರ್ಶಿಯ ಎರಡು ಪಂದ್ಯ. ಫಿಫಾ ಜಗಳವಾಡಿದ್ದು ಫೆಡರೇಷನ್ ಜೊತೆ, ಫೆಡರೇಷನ್‌ನ ಹಳಬರು ಜಗಳವಾಡಿದ್ದು ಮೂವರ ಸಮಿತಿ ಜೊತೆ. ಕೋಣಗಳೆರಡು ಕಾದಾಡಿ ಗಿಡಕ್ಕೆ ಮೃತ್ಯು ಬಂತು ಅನ್ನುತ್ತಾರಲ್ಲ, ಹಾಗಾಯಿತು.

ಇದನ್ನು ದುರದೃಷ್ಟ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಗಂಡಸರ ಟೂರ್ನಿ ತಿಂಗಳುಗಟ್ಟಲೆ ಹರಡಿಕೊಂಡಿರುತ್ತದೆ, ಮಧ್ಯೆ ಹನ್ನೊಂದು ದಿನ ಕಳೆದುಹೋದರೂ ಒಂದು ಪಂದ್ಯವೂ ತಪ್ಪದೇ ಇರಬಹುದು, ಈ ಸಲ ತಪ್ಪಲೂ ಇಲ್ಲ. ಹೆಂಗಸರ ಟೂರ್ನಿಯ ಒಂದು ಹಂತ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ ಮುಗಿದುಹೋಗುತ್ತದೆ. ಖರ್ಚು ಕಡಿಮೆ ಮಾಡಲು ಹಾಗೆ ಮಾಡುತ್ತಾರೆ, ಅದು ಅರ್ಥವಾಗುತ್ತದೆ. ಆದರೆ ಆ ಒಂದು ವಾರಕ್ಕೆ ಏನಾದರೂ ಅಡ್ಡ ಬಂದರೆ ವರ್ಷವೇ ಹೋಯಿತು. ಆಟಗಾರ್ತಿಯ ವಯಸ್ಸು ಕಾಯುವುದಿಲ್ಲ. ಇಪ್ಪತ್ತೆಂಟು ವರ್ಷದ ಡಿಫೆಂಡರ್‌ಗೆ ಇನ್ನೊಂದು ಅವಕಾಶ ಬರಬೇಕಾದರೆ ಮತ್ತೆ ಲೀಗ್ ಗೆಲ್ಲಬೇಕು, ಮತ್ತೆ ತಂಡದಲ್ಲಿ ಜಾಗ ಸಿಗಬೇಕು, ಮೊಣಕಾಲು ಗಟ್ಟಿ ಇರಬೇಕು. ಲೀಗ್ ಗೆಲ್ಲುವುದು ಎಷ್ಟು ಕಷ್ಟ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರ ಮೇ ತಿಂಗಳಲ್ಲಿ ಫೈನಲ್‌ವರೆಗೆ ಹೋಗಿ, ಇದೇ ಕೇರಳದ ತಂಡದ ಎದುರು 0-5 ಸೋತಿತು. ಫೈನಲ್ ತಲುಪಿದರೂ ಏಷ್ಯಾ ಬಾಗಿಲು ತೆರೆಯಲಿಲ್ಲ.

ಬೇರೆಯವರು ಏನು ತೆಗೆದುಕೊಳ್ಳಬಹುದು

ಮೊದಲಿಗೆ ದಿನಾಂಕಗಳ ವಿಷಯ. ಆಗಸ್ಟ್ 5ರ ಎಚ್ಚರಿಕೆ ಬಂದ ದಿನವೇ ಯಾರಾದರೂ ಒಂದು ಹಾಳೆಯಲ್ಲಿ ಎರಡು ಸಾಲು ಬರೆದುಕೊಂಡಿದ್ದರೆ ಸಾಕಿತ್ತು, ಒಂದರಲ್ಲಿ ಕೋರ್ಟ್ ಮತ್ತು ಫಿಫಾ ದಿನಾಂಕಗಳು, ಇನ್ನೊಂದರಲ್ಲಿ ಆ ಎರಡು ತಿಂಗಳಲ್ಲಿ ಭಾರತದ ಯಾವ ತಂಡ ಎಲ್ಲಿ ಆಡುತ್ತದೆ ಅನ್ನುವುದು. ಮೊದಲು ಹೊಡೆತ ತಿನ್ನುವವರು ಯಾರು ಎಂದು ಆಗಲೇ ಕಾಣುತ್ತಿತ್ತು. 17ರ ವಿಚಾರಣೆಯಲ್ಲೂ "ನಮಗೆ 22 ತಡವಾಯಿತು, 23ಕ್ಕೆ ಪಂದ್ಯ ಇದೆ" ಎಂದು ಹಟ ಹಿಡಿದು ಹೇಳುವವರು ಬೇಕಿತ್ತು. ಅದನ್ನು ಕ್ಲಬ್ ತಾಷ್ಕೆಂಟ್‌ನಿಂದ ಹೇಳಲು ಆಗುವುದಿಲ್ಲ. ದೆಹಲಿಯಲ್ಲಿ ಕ್ಲಬ್ ಪರವಾಗಿ ಒಬ್ಬ ವಕೀಲರು ಇರಬೇಕು. ಏಷ್ಯಾ ಮಟ್ಟದಲ್ಲಿ ಆಡುವ ಕ್ಲಬ್‌ಗಳು ಫಿಸಿಯೋಗೆ ದುಡ್ಡು ಇಡುವ ಹಾಗೆ ಇದಕ್ಕೂ ಇಡಬೇಕಾದ ಕಾಲ ಬಂದಿದೆ.

ಎರಡನೆಯದು, ಸುಮ್ನೆ ಭಾರತವನ್ನು ಬೈದರೆ ಆಗದು, ಏಷ್ಯಾ ಮಟ್ಟದ ನಿಯಮವೂ ಬದಲಾಗಬೇಕು. ಟೂರ್ನಿ ನಡೆಯುವ ದೇಶಕ್ಕೆ ಆಗಲೇ ತಲುಪಿದ ತಂಡ ಆ ಸುತ್ತು ಮುಗಿಸಲಿ ಎಂದು ಒಂದು ಸಾಲು ಸೇರಿಸಿದರೆ ಯಾರಿಗೂ ನಷ್ಟವಿಲ್ಲ. ದೇಶದ ಬಾವುಟ ಬೇಡ ಅಂದರೆ ಬಾವುಟ ಇಲ್ಲದೆ ಆಡಲಿ. ಅಮಾನತು ಮಾಡುವುದು ಫೆಡರೇಷನ್‌ಗೆ ಬುದ್ಧಿ ಕಲಿಸಲು. ಆಡದೇ ಬಂದ ಹುಡುಗಿಯರಿಂದ ಫೆಡರೇಷನ್ ಏನು ಕಲಿಯಿತು? ಕುರ್ಚಿಯ ಮೇಲಿದ್ದ ಒಬ್ಬರಿಗೂ ಆ ಎರಡು ಪಂದ್ಯದಿಂದ ಏನೂ ಕಳೆದುಹೋಗಲಿಲ್ಲ.

ಈ ನಿಯಮ ಬದಲಾಗಬೇಕು ಅನ್ನುವುದಕ್ಕೆ 2025 ಇನ್ನೊಂದು ಕಾರಣ ಕೊಟ್ಟಿತು. ಅಷ್ಟು ಹೊತ್ತಿಗೆ ಟೂರ್ನಿ ಬೆಳೆದು ಎಎಫ್‌ಸಿ ಮಹಿಳಾ ಚಾಂಪಿಯನ್ಸ್ ಲೀಗ್ ಆಗಿತ್ತು. ಆಗಸ್ಟ್ 25ರಂದು ಕೋಲ್ಕತ್ತದ ಈಸ್ಟ್ ಬೆಂಗಾಲ್ ಹೆಂಗಸರ ತಂಡ ಕಾಂಬೋಡಿಯಾದಲ್ಲಿ ಫ್ನೋಮ್ ಪೆನ್ ಕ್ರೌನ್ ತಂಡವನ್ನು 1-0ರಿಂದ ಸೋಲಿಸಿತು. ಮರುದಿನ, 26ಕ್ಕೆ, ಫಿಫಾ ಮತ್ತು ಎಎಫ್‌ಸಿಯಿಂದ ನಮ್ಮ ಫೆಡರೇಷನ್‌ಗೆ ಪತ್ರ. ಅಕ್ಟೋಬರ್ 30ರೊಳಗೆ ಹೊಸ ಸಂವಿಧಾನ ಅಂಗೀಕರಿಸದಿದ್ದರೆ ಮತ್ತೆ ಅಮಾನತಾಗಬಹುದು ಎಂದು. ಅದೇ ಆಗಸ್ಟ್, ಅದೇ ಸಂವಿಧಾನ, ಮತ್ತೆ ವಿದೇಶದಲ್ಲಿ ಒಂದು ಹೆಂಗಸರ ತಂಡ. 31ಕ್ಕೆ ಆ ತಂಡ ಹಾಂಗ್‌ಕಾಂಗ್‌ನ ಕಿಟ್ಚೀ ಜೊತೆ 1-1 ಡ್ರಾ ಮಾಡಿ ಮುಂದಿನ ಹಂತಕ್ಕೆ ಹೋಯಿತು. ಆ ಹಂತ ಇದ್ದದ್ದು ನವೆಂಬರ್‌ನಲ್ಲಿ, ಚೀನಾದ ವುಹಾನ್‌ನಲ್ಲಿ. ಗಡುವು ತಪ್ಪಿ ಅಮಾನತಾಗಿದ್ದರೆ ಇವರ ಪಂದ್ಯಗಳೂ ಹೋಗುತ್ತಿದ್ದವು.

ಈ ಸಲ ಗಡುವು ತಪ್ಪಲಿಲ್ಲ. ಸೆಪ್ಟೆಂಬರ್ 19ಕ್ಕೆ ಸುಪ್ರೀಂ ಕೋರ್ಟ್ ಕೆಲವು ಬದಲಾವಣೆಗಳೊಂದಿಗೆ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು, ಅಕ್ಟೋಬರ್ 12ಕ್ಕೆ ಫೆಡರೇಷನ್‌ನ ಸಭೆ ಅದನ್ನು ಅಂಗೀಕರಿಸಿತು. ಈಸ್ಟ್ ಬೆಂಗಾಲ್ ವುಹಾನ್‌ಗೆ ಹೋಗಿ ಮೊದಲ ಪಂದ್ಯದಲ್ಲಿ ಬಾಮ್ ಖಾತೂನ್ ತಂಡವನ್ನು 3-1ರಿಂದ ಸೋಲಿಸಿತು. ಕರ್ಶಿಯಲ್ಲಿ ನಮ್ಮವರು ಎದುರಿಸಬೇಕಿದ್ದ ಅದೇ ಇರಾನಿನ ತಂಡ. ಮುಂದೆ ಆತಿಥೇಯ ವುಹಾನ್ ತಂಡದ ಎದುರು 0-2, ಉಜ್ಬೇಕಿಸ್ತಾನದ ನಸಾಫ್ ಎದುರು 0-3 ಸೋತು ವಾಪಸ್ ಬಂದರು. ಆದರೆ ಎಎಫ್‌ಸಿ ನಿಯಮಕ್ಕೆ ಸೇರಿಸಬೇಕು ಎಂದೆನಲ್ಲ, ಆ ಸಾಲಿಗಾಗಿ ಯಾರಾದರೂ ಹೋರಾಡಬೇಕಾದರೆ ನಮ್ಮ ಕ್ಲಬ್‌ಗಳೇ ಒಟ್ಟಾಗಿ ಬರೆದು ಕೇಳಬೇಕು, ಅದೂ ಯಾವ ಗಡುವೂ ತಲೆ ಮೇಲೆ ಇಲ್ಲದ ಈ ಹೊತ್ತಿನಲ್ಲಿ.